ಬಿಬಿಎಯಲ್ಲಿ ಇನ್ಫರ್ಮೇಷನ್ ಸಿಸ್ಟಮ್ಸ್ ಓದುವುದು ಅಂದರೆ ಏನು ಓದುವುದು?

ಬಿಬಿಎ ಅಥವಾ ಬಿ.ಕಾಂ. ಸೇರಿದ ಮಕ್ಕಳು ಸಿಲಬಸ್‌ನಲ್ಲಿ ಇನ್ಫರ್ಮೇಷನ್ ಸಿಸ್ಟಮ್ಸ್ ಎಂಬ ಹೆಸರು ಕಂಡಾಗ ಎರಡು ರೀತಿ ಯೋಚಿಸುತ್ತಾರೆ. ಕೆಲವರಿಗೆ ಹೆದರಿಕೆ. ಪಿಯುಸಿಯಲ್ಲಿ ಕಾಮರ್ಸ್ ತಗೊಂಡಿದ್ದೇ ಇದರಿಂದ ತಪ್ಪಿಸಿಕೊಳ್ಳೋಕೆ, ಮತ್ತೆ ಕಂಪ್ಯೂಟರ್ ಬಂತಲ್ಲ ಅಂತ. ಇನ್ನು ಕೆಲವರು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಎಕ್ಸೆಲ್ ತಾನೆ, ಪರೀಕ್ಷೆಯ ಹಿಂದಿನ ದಿನ ನೋಡಿಕೊಂಡರಾಯ್ತು ಅಂತ. ಎರಡೂ ತಪ್ಪು. ಇದು ಕಂಪ್ಯೂಟರ್ ಸೈನ್ಸ್‌ನ ಸಣ್ಣ ಪಾಠ ಅಲ್ಲ, ಆಫೀಸ್ ಸಾಫ್ಟ್‌ವೇರ್ ಕಲಿಸುವ ತರಗತಿಯೂ ಅಲ್ಲ. ನನ್ನ ಪ್ರಕಾರ ಇದರ ಬೇರು ಇರುವುದು ಲೆಕ್ಕದ ಪುಸ್ತಕದಲ್ಲಿ. ಯಾರು ಬರೆಯಬೇಕು, ಯಾವಾಗ ಬರೆಯಬೇಕು, ಬರೆದದ್ದನ್ನು ಯಾರು ನೋಡಬೇಕು, ತಪ್ಪಾದರೆ ಹೇಗೆ ಗೊತ್ತಾಗಬೇಕು ಎಂಬ ಹಳೆಯ ಪ್ರಶ್ನೆಗಳೇ ಇಲ್ಲಿಯೂ ಮುಖ್ಯ. ಹಾಗಾಗಿ ಕಾಮರ್ಸ್ ಓದಿದವರಿಗೆ ಇದರ ಅರ್ಧ ಮೊದಲೇ ಗೊತ್ತಿರುತ್ತದೆ.

ನಾನು ಡಿಗ್ರಿ ಮಕ್ಕಳಿಗೆ ಈ ವಿಷಯ ಕಲಿಸುವಾಗ ಮೊದಲ ವಾರ ಕಂಪ್ಯೂಟರ್ ಮುಟ್ಟುವುದೇ ಇಲ್ಲ. ಹಾಲಿನ ಡೇರಿಯ ಮಾತು ತೆಗೆಯುತ್ತೇನೆ. ಹಳ್ಳಿಯಿಂದ ಬಂದ ಮಕ್ಕಳ ಮುಖ ಆಗ ಅರಳುತ್ತದೆ. ಅವರಿಗೆ ಗೊತ್ತಿರುವ ಜಾಗ ಅದು.

ಬೆಳಿಗ್ಗೆ ಆರು ಗಂಟೆಗೆ ಡೇರಿ ಮುಂದೆ ಸಾಲು ನಿಂತಿರುತ್ತದೆ. ಒಬ್ಬೊಬ್ಬರೂ ತಮ್ಮ ಕ್ಯಾನಿನ ಹಾಲು ಸುರಿಯುತ್ತಾರೆ. ತೂಕ ಆಗುತ್ತದೆ. ಸ್ವಲ್ಪ ಸ್ಯಾಂಪಲ್ ತೆಗೆದು ಯಂತ್ರದಲ್ಲಿ ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎಷ್ಟು ಎಂದು ನೋಡುತ್ತಾರೆ. ಅದರ ಮೇಲೆ ದರ ಬೀಳುತ್ತದೆ. ಒಂದು ಸಣ್ಣ ಚೀಟಿ ಹೊರಗೆ ಬರುತ್ತದೆ. ಸಂಜೆ ಮತ್ತೆ ಇದೇ ಕೆಲಸ. ಇಷ್ಟು ದಿನಕ್ಕೊಮ್ಮೆ ಅಂತ ಲೆಕ್ಕ ಮಾಡಿ ಬಟವಾಡೆ ಆಗುತ್ತದೆ.

ಈಗ ಮೊದಲ ಪ್ರಶ್ನೆ. ಚೀಟಿಯ ಮೇಲೆ ಹೆಸರಿನ ಜೊತೆಗೆ ಸದಸ್ಯರ ನಂಬರ್ ಯಾಕೆ ಇರುತ್ತದೆ? ಮಕ್ಕಳು ಥಟ್ಟನೆ ಹೇಳುತ್ತಾರೆ: ಒಂದೇ ಊರಲ್ಲಿ ಮಂಜುನಾಥ ಅಂತ ನಾಲ್ಕು ಜನ ಇರಬಹುದಲ್ಲ ಸಾರ್. ಅಷ್ಟೇ. ಪುಸ್ತಕದಲ್ಲಿ 'ಪ್ರೈಮರಿ ಕೀ' ಎಂದು ಅರ್ಧ ಪುಟ ಬರೆದಿರುವುದು ಇದನ್ನೇ. ಒಬ್ಬರನ್ನು ಇನ್ನೊಬ್ಬರಿಂದ ಬೇರೆ ಮಾಡಿ ತೋರಿಸುವ, ಎಂದೂ ಎರಡು ಬಾರಿ ಬರದ ಗುರುತು.

ಎರಡನೇ ಪ್ರಶ್ನೆ ಸ್ವಲ್ಪ ಕಷ್ಟ. 47ನೇ ನಂಬರಿನ ಸದಸ್ಯೆಯ ಬ್ಯಾಂಕ್ ಖಾತೆ ನಂಬರನ್ನು ಎಲ್ಲಿ ಬರೆದಿಡಬೇಕು? ಪ್ರತಿದಿನದ ಹಾಲಿನ ಸಾಲಿನ ಪಕ್ಕದಲ್ಲೇ ಬರೆದರೆ ಏನಾಗುತ್ತದೆ ನೋಡೋಣ. ದಿನಕ್ಕೆ ಎರಡು ಬಾರಿ ಅಂದರೆ ವರ್ಷಕ್ಕೆ 730 ಸಾಲು. 730 ಕಡೆಯೂ ಅದೇ ಖಾತೆ ನಂಬರ್. ಆಕೆ ಬ್ಯಾಂಕ್ ಬದಲಾಯಿಸಿದರೆ 730 ಕಡೆ ತಿದ್ದಬೇಕು. ಎರಡು ಕಡೆ ಬಿಟ್ಟುಹೋದರೆ ಯಾವುದು ಸರಿ, ಯಾವುದು ತಪ್ಪು ಎಂದು ಹೇಳುವವರು ಯಾರು? ಅದಕ್ಕೇ ಸದಸ್ಯರ ವಿವರ ಒಂದು ಪಟ್ಟಿಯಲ್ಲಿ ಒಂದೇ ಸಲ ಇರಬೇಕು. ಹಾಲಿನ ಲೆಕ್ಕ ಇನ್ನೊಂದು ಪಟ್ಟಿಯಲ್ಲಿ ಇರಬೇಕು. ಎರಡನ್ನೂ ಕಟ್ಟುವ ದಾರ 47 ಎಂಬ ನಂಬರ್. ಇದಕ್ಕೆ 'ನಾರ್ಮಲೈಸೇಷನ್' ಎಂದು ಹೆಸರು. ಮಕ್ಕಳು ಬಾಯಿಪಾಠ ಮಾಡಿ ಮರೆಯುವ ಪದ ಇದು. ಆದರೆ ಒಮ್ಮೆ 730 ಸಾಲು ತಿದ್ದುವುದನ್ನು ಮನಸ್ಸಿನಲ್ಲಿ ಕಲ್ಪಿಸಿಕೊಂಡವರು ಮರೆಯುವುದಿಲ್ಲ.

ಮಾಹಿತಿಯನ್ನು ಹೀಗೆ ಪಟ್ಟಿಗಳಾಗಿ ಒಡೆದು, ನಂಟು ಹಾಕಿ ಇಡಬಹುದು ಎಂದು ಗಣಿತದ ಭಾಷೆಯಲ್ಲಿ ತೋರಿಸಿಕೊಟ್ಟವರು ಐಬಿಎಂನಲ್ಲಿದ್ದ ಎಡ್ಗರ್ ಕಾಡ್. 1970ರಲ್ಲಿ. ಇವತ್ತು ಬ್ಯಾಂಕು, ರೈಲು ಟಿಕೆಟ್, ಕಾಲೇಜಿನ ಮಾರ್ಕ್ಸ್ ಕಾರ್ಡ್ ಎಲ್ಲದರ ಅಡಿಯಲ್ಲೂ ಹೆಚ್ಚಾಗಿ ಇರುವುದು ಅದೇ ಯೋಚನೆ. ಆ ಪಟ್ಟಿಗಳಿಗೆ ಪ್ರಶ್ನೆ ಕೇಳಲು ಬಳಸುವ ಭಾಷೆ ಎಸ್‌ಕ್ಯೂಎಲ್. ಹೋದ ಹದಿನೈದು ದಿನದಲ್ಲಿ ಒಮ್ಮೆಯೂ ಹಾಲು ಹಾಕದ ಸದಸ್ಯರು ಯಾರು? ಹೀಗೊಂದು ಪ್ರಶ್ನೆಯನ್ನು ನಾಲ್ಕೈದು ಸಾಲಿನಲ್ಲಿ ಬರೆಯಬಹುದು. ಕಾಮರ್ಸ್ ಮಕ್ಕಳು ಎರಡು ತಿಂಗಳಲ್ಲಿ ಚೆನ್ನಾಗಿ ಕಲಿಯುತ್ತಾರೆ. ನಾನೇ ನೋಡಿದ್ದೇನೆ.

ಡೇರಿಯನ್ನು ಇನ್ನೂ ಬಿಡುವುದಿಲ್ಲ, ಅದರಲ್ಲಿ ಹೇಳುವುದು ಜಾಸ್ತಿ ಇದೆ. ಬೆಳಿಗ್ಗೆ ಬರೆದ ಅದೇ ಒಂದು ಸಾಲನ್ನು ಎಷ್ಟು ಜನ ಬಳಸುತ್ತಾರೆ ಗೊತ್ತಾ? ಹಾಲು ಹಾಕಿದವರಿಗೆ ಅದು ದುಡ್ಡಿನ ಚೀಟಿ. ಡೇರಿಯ ಕಾರ್ಯದರ್ಶಿಗೆ ಅದು ಇಡೀ ಊರಿನ ಇವತ್ತಿನ ಮೊತ್ತದ ಒಂದು ಭಾಗ. ಜಿಲ್ಲಾ ಹಾಲು ಒಕ್ಕೂಟಕ್ಕೆ ಅದು ಎಷ್ಟು ಪ್ಯಾಕೆಟ್ ಮಾಡಬೇಕು, ಎಷ್ಟನ್ನು ಪುಡಿ ಮಾಡಲು ಕಳಿಸಬೇಕು ಎಂದು ತೀರ್ಮಾನಿಸುವ ಆಧಾರ. ಸರ್ಕಾರಕ್ಕೆ ಅದು ಲೀಟರಿಗೆ ಇಷ್ಟು ಎಂದು ಪ್ರೋತ್ಸಾಹಧನವನ್ನು ನೇರವಾಗಿ ಉತ್ಪಾದಕರ ಖಾತೆಗೆ ಹಾಕಲು ಬೇಕಾದ ಲೆಕ್ಕ. ಸಿಲಬಸ್‌ನಲ್ಲಿ ಟ್ರಾನ್ಸಾಕ್ಷನ್ ಪ್ರೊಸೆಸಿಂಗ್ (ನಿತ್ಯದ ವ್ಯವಹಾರ ಬರೆಯುವುದು), ಮ್ಯಾನೇಜ್ಮೆಂಟ್ ಇನ್ಫರ್ಮೇಷನ್ (ಅದನ್ನು ಒಟ್ಟುಗೂಡಿಸಿ ನೋಡುವುದು), ಡಿಸಿಷನ್ ಸಪೋರ್ಟ್ (ತೀರ್ಮಾನಕ್ಕೆ ನೆರವಾಗುವುದು) ಅಂತ ಮೂರು ಮೆಟ್ಟಿಲಿನ ತ್ರಿಕೋನ ಬರೆಸುತ್ತಾರಲ್ಲ, ಅದು ಮೂರು ಬೇರೆ ಬೇರೆ ಯಂತ್ರಗಳ ಚಿತ್ರ ಅಲ್ಲ. ಒಂದೇ ಸಾಲನ್ನು ಮೂರು ಎತ್ತರದಿಂದ ನೋಡುವ ಚಿತ್ರ.

ಇನ್ನೊಂದು ವಿಷಯ. ಎಲ್ಲರೂ ಹಾಕಿದ ಹಾಲಿನ ಮೊತ್ತದಿಂದ ಊರಲ್ಲೇ ಮಾರಿದ್ದನ್ನು ಕಳೆದರೆ, ಒಕ್ಕೂಟದ ವಾಹನ ತಗೊಂಡು ಹೋದ ಹಾಲಿಗೆ ಹತ್ತಿರ ಹತ್ತಿರ ತಾಳೆಯಾಗಬೇಕು. ತಾಳೆ ನೋಡುವುದು ಕಾಮರ್ಸ್‌ನವರ ರಕ್ತದಲ್ಲೇ ಇರುವ ಗುಣ, ಅಲ್ವಾ? ಮಕ್ಕಳನ್ನು ಕೇಳುತ್ತೇನೆ: ವರ್ಷಪೂರ್ತಿ ಒಂದು ಗ್ರಾಂ ಕೂಡ ವ್ಯತ್ಯಾಸ ಇಲ್ಲದಿದ್ದರೆ ಖುಷಿ ಪಡಬೇಕಾ? ಮೊದಲು ಎಲ್ಲರೂ ಹೌದು ಅನ್ನುತ್ತಾರೆ. ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬರಾದರೂ, ಸಾರ್, ಸುರಿಯುವಾಗ ಚೆಲ್ಲೇ ಚೆಲ್ಲುತ್ತದೆ, ವ್ಯತ್ಯಾಸ ಇಲ್ಲ ಅಂದರೆ ಯಾರೋ ಕೂತು ಸರಿ ಮಾಡಿ ಬರೆದಿದ್ದಾರೆ ಅಂತ ಹೇಳುತ್ತಾರೆ. ಇಡೀ ಸೆಮಿಸ್ಟರ್‌ನಲ್ಲಿ ನನಗೆ ಜಾಸ್ತಿ ಸಂತೋಷ ಕೊಡುವ ಉತ್ತರ ಅದು.

ಡೇರಿಯಿಂದ ಲಂಡನ್ನಿಗೆ ಹೋಗೋಣ. ವ್ಯಾಪಾರದ ಕೆಲಸಕ್ಕೆ ಮೊದಲು ಕಂಪ್ಯೂಟರ್ ಹಚ್ಚಿದವರು ಯಾರು ಎಂದು ಕೇಳಿದರೆ ಬಹಳ ಜನ ಯಾವುದೋ ಅಮೆರಿಕದ ಬ್ಯಾಂಕಿನ ಹೆಸರು ಹೇಳುತ್ತಾರೆ. ನಿಜವಾಗಿ ಅದು ಟೀ ಅಂಗಡಿಗಳನ್ನು ನಡೆಸುತ್ತಿದ್ದ ಜೆ. ಲಯನ್ಸ್ ಎಂಬ ಬ್ರಿಟಿಷ್ ಕಂಪನಿ. ಟೀ, ಬ್ರೆಡ್, ಕೇಕ್ ಮಾರುವ ವ್ಯಾಪಾರದಲ್ಲಿ ಒಂದೊಂದು ಬಿಲ್ಲಿನ ಮೊತ್ತ ಚಿಕ್ಕದು, ಬಿಲ್ಲುಗಳು ಮಾತ್ರ ಲೆಕ್ಕವಿಲ್ಲದಷ್ಟು. ಗುಮಾಸ್ತರ ಖರ್ಚು ಲಾಭವನ್ನೇ ತಿನ್ನುತ್ತಿತ್ತು. 1947ರಲ್ಲಿ ಕಂಪನಿಯ ಇಬ್ಬರು ಅಧಿಕಾರಿಗಳು ಅಮೆರಿಕಕ್ಕೆ ಹೋಗಿ ಅಲ್ಲಿನ ಹೊಸ ಎಣಿಕೆ ಯಂತ್ರಗಳ ವಿಚಾರ ತಿಳಿದುಕೊಂಡು ಬಂದರು. ಆಮೇಲೆ ಕೇಂಬ್ರಿಜ್ ವಿಶ್ವವಿದ್ಯಾಲಯ ಕಟ್ಟುತ್ತಿದ್ದ ಕಂಪ್ಯೂಟರಿಗೆ ದುಡ್ಡಿನ ನೆರವು ಕೊಟ್ಟು, ಅದೇ ಮಾದರಿಯಲ್ಲಿ ತಮ್ಮದೇ ಒಂದು ಯಂತ್ರ ಕಟ್ಟಿಕೊಂಡರು. ಹೆಸರು ಲಿಯೋ, ಅಂದರೆ ಲಯನ್ಸ್ ಎಲೆಕ್ಟ್ರಾನಿಕ್ ಆಫೀಸ್. 1951ರ ನವೆಂಬರಿನಲ್ಲಿ ಅದು ನಿತ್ಯದ ಕೆಲಸಕ್ಕೆ ಇಳಿಯಿತು. ಮೊದಲ ಕೆಲಸ ಬೇಕರಿಯ ಲೆಕ್ಕ.

ನನಗೆ ಇಷ್ಟವಾಗುವುದು ಯಂತ್ರಕ್ಕಿಂತ ಅವರು ಟೀ ಅಂಗಡಿಗಳ ಆರ್ಡರ್ ಪಡೆದ ರೀತಿ. ಪ್ರತಿ ಅಂಗಡಿಯೂ ನಾಳೆಗೆ ಏನೇನು ಬೇಕು ಎಂದು ದೊಡ್ಡ ಪಟ್ಟಿ ಬರೆದು ಕಳಿಸಬೇಕಿತ್ತು. ಅದನ್ನೇ ಕಂಪ್ಯೂಟರಿಗೆ ಹಾಕಿದ್ದರೆ ಕೆಲಸ ಇನ್ನೂ ಹೆಚ್ಚಾಗುತ್ತಿತ್ತು. ಅವರು ಬೇರೆ ದಾರಿ ಹಿಡಿದರು. ಪ್ರತಿ ಅಂಗಡಿಗೂ ವಾರದ ಇಂಥ ದಿನಕ್ಕೆ ಇಷ್ಟು ಎಂಬ ಮಾಮೂಲಿ ಪಟ್ಟಿ ಯಂತ್ರದಲ್ಲೇ ಇರುತ್ತಿತ್ತು. ಅಂಗಡಿ ನೋಡಿಕೊಳ್ಳುವ ಮಹಿಳೆಗೆ ಫೋನ್ ಮಾಡಿದಾಗ ಆಕೆ ಬದಲಾವಣೆ ಮಾತ್ರ ಹೇಳಿದರೆ ಸಾಕು. ನಮ್ಮ ಮನೆಗೆ ಪೇಪರ್ ಹಾಕುವವರ ಹಾಗೆ. ದಿನಾ ಪೇಪರ್ ಬೇಕು ಅಂತ ಹೇಳುವುದಿಲ್ಲ, ಊರಿಗೆ ಹೋಗುವಾಗ ಮಾತ್ರ ಎರಡು ದಿನ ಬೇಡ ಅನ್ನುತ್ತೇವೆ. ಇದನ್ನು ಕಂಡುಕೊಳ್ಳಲು ಎಲೆಕ್ಟ್ರಾನಿಕ್ಸ್ ಗೊತ್ತಿರಬೇಕಾಗಿಲ್ಲ. ಟೀ ಅಂಗಡಿ ಹೇಗೆ ನಡೆಯುತ್ತದೆ ಎಂದು ಗೊತ್ತಿರಬೇಕು. ಬಿಸಿನೆಸ್ ಡಿಗ್ರಿಯ ಒಳಗೆ ಈ ವಿಷಯ ಯಾಕಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನ ಬಳಿ ಇಲ್ಲ.

ಬೆಂಗಳೂರಿನಲ್ಲಿ ಮುಖ್ಯ ಕಚೇರಿ ಇರುವ ಟ್ಯಾಲಿಯ ಹುಟ್ಟೂ ಇದೇ ಬಗೆಯದು. ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ವ್ಯಾಪಾರದ ಲೆಕ್ಕ ಇಡಲು ಒಪ್ಪುವ ಸಾಫ್ಟ್‌ವೇರ್ ಸಿಗಲಿಲ್ಲ. ಗಣಿತ ಓದಿದ್ದ ಮಗ ಭರತ್ ಅವರಿಗೆ ನೀನೇ ಮಾಡು ಅಂದರು. 1986ರಲ್ಲಿ ಕಂಪನಿ ಶುರುವಾಯಿತು. ಬೇಕು ಅಂದವರು ವ್ಯಾಪಾರಸ್ಥರು, ಕಟ್ಟಿದವರು ಆ ವ್ಯಾಪಾರವನ್ನು ಮನೆಯಲ್ಲೇ ನೋಡಿ ಬೆಳೆದವರು.

ಈ ವಿಷಯದಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಇರುವ ಕೆಲಸವನ್ನು ಹಾಗೇ ಕಂಪ್ಯೂಟರಿಗೆ ಏರಿಸಿದರೆ ಮುಗಿಯಿತು ಎಂದುಕೊಳ್ಳುವುದು. 1980ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ಫೋರ್ಡ್ ಕಂಪನಿಯಲ್ಲಿ ಸರಬರಾಜುದಾರರ ಬಿಲ್ ಪಾವತಿ ಮಾಡುವ ವಿಭಾಗದಲ್ಲೇ 500ಕ್ಕೂ ಹೆಚ್ಚು ಜನ ಇದ್ದರು. ಕಂಪ್ಯೂಟರ್ ಹಾಕಿ ಅದನ್ನು 400ಕ್ಕೆ ಇಳಿಸೋಣ ಎಂದು ಲೆಕ್ಕ ಹಾಕಿದರು. ಆಮೇಲೆ ಜಪಾನಿನ ಮಾಜ್ಡಾ ಕಂಪನಿ ನೋಡಿದರೆ ಅಲ್ಲಿ ಅದೇ ಕೆಲಸಕ್ಕೆ ಇದ್ದದ್ದು ಐದೇ ಜನ. ಮಾಜ್ಡಾ ಚಿಕ್ಕ ಕಂಪನಿ, ಒಪ್ಪೋಣ. ಆದರೂ ಇಷ್ಟು ಅಂತರವೇ?

ಹುಡುಕಿದಾಗ ಸಿಕ್ಕಿದ್ದು ಇದು. ಫೋರ್ಡ್‌ನ ಗುಮಾಸ್ತರು ಮೂರು ಕಾಗದ ಇಟ್ಟುಕೊಂಡು ತಾಳೆ ನೋಡುತ್ತಿದ್ದರು. ಖರೀದಿ ಆರ್ಡರ್, ಸರಕು ಬಂದಿದೆ ಎಂಬ ಚೀಟಿ, ಸರಬರಾಜುದಾರರ ಬಿಲ್. ಮೂರೂ ಹೊಂದಿದರೆ ದುಡ್ಡು. ಅವರ ಸಮಯವೆಲ್ಲ ಹೋಗುತ್ತಿದ್ದದ್ದು ಹೊಂದದ ಕಾಗದಗಳ ಹಿಂದೆ. ಹೊಸ ವ್ಯವಸ್ಥೆಯಲ್ಲಿ ಆರ್ಡರ್ ನೇರವಾಗಿ ಡೇಟಾಬೇಸ್‌ಗೆ, ಅಂದರೆ ಕಂಪ್ಯೂಟರಿನಲ್ಲಿ ಜೋಡಿಸಿಟ್ಟ ಮಾಹಿತಿಯ ಕಣಜಕ್ಕೆ ಹೋಯಿತು. ಲಾರಿ ಬಂದಾಗ ಗೋದಾಮಿನ ಬಾಗಿಲಲ್ಲೇ ಒಬ್ಬರು ಅದನ್ನು ನೋಡಿ, ಆರ್ಡರ್‌ಗೆ ಹೊಂದಿದರೆ ಇಳಿಸಿಕೊಂಡರು, ಇಲ್ಲದಿದ್ದರೆ ವಾಪಸ್ ಕಳಿಸಿದರು. ಬಿಲ್ ಕಳಿಸಬೇಡಿ, ಸರಕು ಒಪ್ಪಿಕೊಂಡ ಮೇಲೆ ನಾವೇ ದುಡ್ಡು ಕೊಡುತ್ತೇವೆ ಎಂದು ಸರಬರಾಜುದಾರರಿಗೆ ಹೇಳಿದರು. ಜನ ಸುಮಾರು ಮುಕ್ಕಾಲು ಪಾಲು ಕಡಿಮೆಯಾದರು. ತಾಳೆ ನೋಡುವ ಕೆಲಸ ಕಚೇರಿಯ ಮೇಜಿನಿಂದ ಗೋದಾಮಿನ ಬಾಗಿಲಿಗೆ ಬಂದಿತ್ತು, ಅಷ್ಟೇ. ಅಷ್ಟು ಜನರ ಕೆಲಸ ಏನಾಯಿತು ಎಂದು ಕೇಳುವ ವಿದ್ಯಾರ್ಥಿ ಪ್ರತಿ ವರ್ಷ ಇರುತ್ತಾರೆ. ಅದು ಕೇಳಲೇಬೇಕಾದ ಪ್ರಶ್ನೆ. ಒಂದು ವ್ಯವಸ್ಥೆಯನ್ನು ಬದಲಿಸುವುದು ಅಂದರೆ ಯಾರದೋ ದಿನಚರಿಯನ್ನು, ಕೆಲವೊಮ್ಮೆ ಅನ್ನವನ್ನು ಬದಲಿಸುವುದು. ಒಳ್ಳೆಯ ಕೋರ್ಸ್ ಇದನ್ನು ಮುಚ್ಚಿಡುವುದಿಲ್ಲ.

ನಮ್ಮಲ್ಲಿ ಇದೇ ಪಾಠಕ್ಕೆ ಭೂಮಿ ಯೋಜನೆ ಇದೆ. ಗ್ರಾಮ ಲೆಕ್ಕಿಗರ ಕೈಬರಹದ ಪಹಣಿಗಳು ಕಂಪ್ಯೂಟರಿಗೆ ಬಂದು, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಸಿಗುವಂತಾಯಿತು. ಜನ ನೆನಪಿಡುವುದು ಇಷ್ಟನ್ನೇ. ನಾನು ತರಗತಿಯಲ್ಲಿ ಒತ್ತಿ ಹೇಳುವುದು ಬೇರೆ ಎರಡು ಸಂಗತಿ. ಒಂದು, ಕೈಬರಹದ ಪಹಣಿಗೆ ಇನ್ನು ಬೆಲೆ ಇಲ್ಲ ಎಂದು ತೀರ್ಮಾನ ಮಾಡಿದ್ದು. ಎರಡೂ ಜೊತೆಜೊತೆಗೆ ನಡೆದಿದ್ದರೆ ಹಳೆಯದೇ ಗೆಲ್ಲುತ್ತಿತ್ತು. ಇನ್ನೊಂದು, ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರತಿಯಲ್ಲೇ ತೆಗೆಯಬೇಕು ಎಂಬ ನಿಯಮವನ್ನು ಸಾಫ್ಟ್‌ವೇರ್‌ನ ಒಳಗೇ ಇಟ್ಟದ್ದು. ನಿನ್ನೆ ಬಂದ ಅರ್ಜಿಯನ್ನು ಹಿಂದಕ್ಕೆ ತಳ್ಳಿ ಇವತ್ತಿನದನ್ನು ಮೊದಲು ತೆಗೆಯಲು ಅದು ಬಿಡುವುದಿಲ್ಲ. ಗೋಡೆಯ ಮೇಲೆ ಬರೆದ ನಿಯಮಕ್ಕೂ ಇದಕ್ಕೂ ಬಹಳ ವ್ಯತ್ಯಾಸ. ಹಾಗಂತ ಎಲ್ಲವೂ ಸರಿಹೋಗಲಿಲ್ಲ. ಹಳೆಯ ಪುಸ್ತಕದಲ್ಲಿ ಹೆಸರು ತಪ್ಪಿದ್ದರೆ ಕಂಪ್ಯೂಟರಿನಲ್ಲೂ ಅದೇ ತಪ್ಪು ಅಚ್ಚಾಯಿತು.

ಇವತ್ತು ಅಕೌಂಟ್ಸ್ ಓದುವವರು ನಮಗೆ ಈ ವಿಷಯ ಯಾಕೆ ಅನ್ನುವ ಹಾಗೇ ಇಲ್ಲ. ಕಾನೂನೇ ಇದರ ಭಾಷೆ ಮಾತಾಡುತ್ತಿದೆ. ಜಿಎಸ್‌ಟಿ ನೋಡಿ. ನೀವು ಸರಕು ಕೊಂಡು, ತೆರಿಗೆ ಸಮೇತ ದುಡ್ಡು ಕೊಟ್ಟು, ಬಿಲ್ಲನ್ನು ಫೈಲಿನಲ್ಲಿ ಇಟ್ಟಿದ್ದರೂ ಸಾಲದು. ಮಾರಿದವರು ತಮ್ಮ ಜಿಎಸ್‌ಟಿಆರ್-1ರಲ್ಲಿ, ಅಂದರೆ ಮಾರಾಟದ ರಿಟರ್ನ್‌ನಲ್ಲಿ ಆ ಬಿಲ್ ತೋರಿಸಿ, ಅದು ನಿಮ್ಮ ಖರೀದಿಯ ಪಟ್ಟಿಯಾದ 2ಬಿಯಲ್ಲಿ ಕಾಣಿಸಿದರೆ ಮಾತ್ರ ಇನ್‌ಪುಟ್ ಕ್ರೆಡಿಟ್, ಅಂದರೆ ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ನೀವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ. 2022ರ ಜನವರಿ 1ರಿಂದ ಹೀಗೆ. ಅಂದರೆ ನಿಮ್ಮ ದುಡ್ಡು ಇನ್ಯಾರದೋ ಕೈಬೆರಳಿನ ಮೇಲೆ ನಿಂತಿದೆ. ಅವರು ನಿಮ್ಮ ಜಿಎಸ್‌ಟಿ ನಂಬರಿನ ಒಂದು ಅಕ್ಷರ ತಪ್ಪಾಗಿ ಹೊಡೆದರೆ ನೀವು ಫೋನ್ ಮಾಡುತ್ತಾ ಕೂರಬೇಕು. ಇನ್ನೊಂದು, 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಪ್ರತಿ ತಿದ್ದುಪಡಿಯ ಜಾಡು ಉಳಿಯಬೇಕು, ಅದನ್ನು ಆಫ್ ಮಾಡುವ ದಾರಿ ಇರಬಾರದು. ಹಿಂದೆ ಲೆಕ್ಕದ ಪುಸ್ತಕದಲ್ಲಿ ತಪ್ಪಾದರೆ ರಬ್ಬರ್ ಹಾಕಬೇಡಿ, ಒಂದು ಗೀಟು ಎಳೆದು ಪಕ್ಕದಲ್ಲಿ ಸರಿಯಾದ್ದು ಬರೆದು ಸಹಿ ಹಾಕಿ ಎನ್ನುತ್ತಿದ್ದರು. ಅದೇ ಮಾತು, ಈಗ ಸಾಫ್ಟ್‌ವೇರಿಗೆ.

ವ್ಯವಸ್ಥೆಗಳು ಒಂದಕ್ಕೊಂದು ಮಾತಾಡದಿದ್ದರೆ ಏನಾಗುತ್ತದೆ ಎಂಬುದಕ್ಕೆ 2018ರ ಫೆಬ್ರವರಿಯಲ್ಲಿ ಹೊರಬಂದ ಪಂಜಾಬ್ ನ್ಯಾಷನಲ್ ಬ್ಯಾಂಕಿನ ವಂಚನೆ ಪ್ರಕರಣ ಸಾಕು. ಮುಂಬೈನ ಒಂದು ಶಾಖೆಯಿಂದ ವಿದೇಶದಲ್ಲಿ ಸಾಲ ಪಡೆಯಲು ಬ್ಯಾಂಕಿನ ಭರವಸೆ ಪತ್ರಗಳು ಸ್ವಿಫ್ಟ್ ಎಂಬ ಸಂದೇಶ ಜಾಲದ ಮೂಲಕ ಹೋಗುತ್ತಿದ್ದವು. ಬ್ಯಾಂಕಿನ ಲೆಕ್ಕ ಇರುವುದು ಕೋರ್ ಬ್ಯಾಂಕಿಂಗ್ ಸಾಫ್ಟ್‌ವೇರ್‌ನಲ್ಲಿ. ಎರಡರ ನಡುವೆ ತಾನಾಗೇ ಆಗುವ ಕೊಂಡಿ ಇರಲಿಲ್ಲ. ಒಂದು ಕಡೆ ಸಂದೇಶ ಕಳಿಸಿದ ಮೇಲೆ ಇನ್ನೊಂದು ಕಡೆ ಕೈಯಿಂದ ಎಂಟ್ರಿ ಮಾಡಬೇಕಿತ್ತು. ಮಾಡಲಿಲ್ಲ. ವರ್ಷಗಟ್ಟಲೆ ಯಾರಿಗೂ ಕಾಣಲಿಲ್ಲ. ಮೊದಲು ಹೇಳಿದ ಮೊತ್ತ ಸುಮಾರು 11,400 ಕೋಟಿ ರೂಪಾಯಿ, ಆಮೇಲೆ ಅದು 13,000 ಕೋಟಿ ದಾಟಿತು. ಪ್ರಕರಣದ ನಂತರ ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೂ ಎರಡನ್ನೂ ಜೋಡಿಸಲು ಗಡುವು ಕೊಟ್ಟಿತು. ಡೇರಿಯ ತಾಳೆ ಪ್ರಶ್ನೆಯನ್ನು ಇಲ್ಲಿ ಮತ್ತೆ ಕೇಳಿ ನೋಡಿ. ಹೊರಗೆ ಹೋದ ಹಾಲನ್ನೂ ಪುಸ್ತಕದ ಹಾಲನ್ನೂ ಪ್ರತಿ ಸಂಜೆ ಹೋಲಿಸುವ ಒಬ್ಬರು ಇದ್ದಿದ್ದರೆ?

ಇಆರ್‌ಪಿ ಎಂದರೆ ಏನು ಎಂಬುದೂ ಇಲ್ಲೇ ಅರ್ಥವಾಗುತ್ತದೆ. ಖರೀದಿ, ಸ್ಟಾಕು, ಮಾರಾಟ, ಸಂಬಳ, ಲೆಕ್ಕ ಎಲ್ಲಕ್ಕೂ ಒಂದೇ ಡೇಟಾಬೇಸ್ ಇರುವ ಸಾಫ್ಟ್‌ವೇರ್. ಒಂದು ಕಡೆ ಬರೆದರೆ ಬೇಕಾದ ಎಲ್ಲ ಕಡೆ ತಲುಪುತ್ತದೆ. ಜರ್ಮನಿಯಲ್ಲಿ 1972ರಲ್ಲಿ ಐಬಿಎಂ ಬಿಟ್ಟು ಬಂದ ಐವರು ಇಂಜಿನಿಯರ್‌ಗಳು ಶುರು ಮಾಡಿದ ಎಸ್‌ಎಪಿ ಇದರಲ್ಲಿ ದೊಡ್ಡ ಹೆಸರು. ಸಾಫ್ಟ್‌ವೇರ್ ಕೊಳ್ಳುವುದು ಸುಲಭ. ಗೋದಾಮಿನವರೂ ಅಕೌಂಟ್ಸ್‌ನವರೂ ಒಂದೇ ಸರಕನ್ನು ಒಂದೇ ಹೆಸರಿನಿಂದ ಕರೆಯುವಂತೆ ಮಾಡುವುದೇ ಕಷ್ಟ. ಬಿಸಿನೆಸ್ ಓದಿದವರಿಗೆ ಅಲ್ಲಿ ಕೆಲಸ ಸಿಗುವುದು ಅದಕ್ಕಾಗಿಯೇ. ಬಿಸಿನೆಸ್ ಅನಲಿಸ್ಟ್, ಇಆರ್‌ಪಿ ಫಂಕ್ಷನಲ್ ಕನ್ಸಲ್ಟೆಂಟ್ ಎಂಬ ಹುದ್ದೆಗಳು ಇಂಥವು. ಸಿಎ ಕಡೆ ಹೋಗುವವರಿಗೆ ಸಿಸ್ಟಮ್ಸ್ ಆಡಿಟ್ ಇದೆ, ಅದಕ್ಕೆ ಸಿಸಾ, ಡಿಸಾ ಎಂಬ ಬೇರೆ ಅರ್ಹತೆಗಳಿವೆ.

ಹಾಗಾದರೆ ಹೇಗೆ ಓದಬೇಕು? ನಾನು ಓದುವಾಗ ಸಿಸ್ಟಮ್‌ನ ಏಳು ಲಕ್ಷಣಗಳನ್ನು ಸರಸರ ಹೇಳುತ್ತಿದ್ದೆ, ಒಂದು ಅಂಗಡಿಯ ಬಿಲ್ ಹೇಗೆ ಹರಿಯುತ್ತದೆ ಎಂದು ಬರೆಯಲು ಬರುತ್ತಿರಲಿಲ್ಲ. ಈಗಿನ ಮಕ್ಕಳಿಗೆ ಮೊದಲೇ ಹೇಳುತ್ತೇನೆ: ಒಂದು ನಿಜವಾದ ಜಾಗ ಆರಿಸಿಕೊಳ್ಳಿ. ಬಟ್ಟೆ ಅಂಗಡಿ, ಅಡಿಕೆ ಮಂಡಿ, ಟೆಂಟ್ ಹೌಸ್, ಯಾವುದಾದರೂ ಸರಿ. ಎರಡು ದಿನ ಸುಮ್ನೆ ಕೂತು ನೋಡಿ. ಯಾವ ಕಾಗದ ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ ಎಂದು ಬಾಣದ ಗುರುತು ಹಾಕಿ ಚಿತ್ರ ಬರೆಯಿರಿ. ಅಲ್ಲಿನವರು ಸಾಫ್ಟ್‌ವೇರ್ ಇದ್ದರೂ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟಿರುತ್ತಾರೆ. ಆ ನೋಟ್‌ಬುಕ್ ಯಾಕಿದೆ ಎಂದು ಕೇಳಿ. ಸಾಫ್ಟ್‌ವೇರ್ ಮಾಡಿದವರಿಗೆ ಅರ್ಥವಾಗದ್ದು ಸಾಮಾನ್ಯವಾಗಿ ಅದರೊಳಗೆ ಸಿಗುತ್ತದೆ.

ಹೋದ ವರ್ಷ ಒಬ್ಬಳು ವಿದ್ಯಾರ್ಥಿನಿ ಮನೆ ಹತ್ತಿರದ ಮೆಡಿಕಲ್ ಸ್ಟೋರ್ ಆರಿಸಿಕೊಂಡಿದ್ದಳು. ಅಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್ ಇತ್ತು, ಸ್ಟಾಕು ಮಾತ್ರ ಎಂದೂ ಹೊಂದುತ್ತಿರಲಿಲ್ಲ. ಎರಡನೇ ದಿನ ಅವಳ ಕಣ್ಣಿಗೆ ಬಿದ್ದದ್ದು ಕೌಂಟರ್ ಕೆಳಗಿನ ನೋಟ್‌ಬುಕ್. ದಿನಾಂಕ ಮುಗಿದ ಔಷಧಿಗಳನ್ನು ಡಿಸ್ಟ್ರಿಬ್ಯೂಟರ್‌ಗೆ ವಾಪಸ್ ಕೊಡುವಾಗ ಅದರಲ್ಲಿ ಬರೆಯುತ್ತಿದ್ದರು. ಸಾಫ್ಟ್‌ವೇರ್‌ನಲ್ಲಿ ಆ ಮಾತ್ರೆಗಳು ಇನ್ನೂ ಕಪಾಟಿನಲ್ಲೇ ಇದ್ದವು. ಡಿಸ್ಟ್ರಿಬ್ಯೂಟರ್‌ನ ಹುಡುಗ ಬರುವುದು ಸಂಜೆ, ಅಂಗಡಿಯಲ್ಲಿ ಜನ ಜಾಸ್ತಿ ಇರುವ ಹೊತ್ತಿಗೆ. ಆಗ ಎಂಟ್ರಿ ಮಾಡಲು ಪುರುಸೊತ್ತು ಇರುತ್ತಿರಲಿಲ್ಲ. ಅವಳು ಹೊಸ ಸಾಫ್ಟ್‌ವೇರ್ ಏನೂ ಸೂಚಿಸಲಿಲ್ಲ. ವಾಪಸ್ ಕೊಡುವ ಔಷಧಿಗಳನ್ನು ಮಧ್ಯಾಹ್ನವೇ ತೆಗೆದು, ಎಂಟ್ರಿ ಮಾಡಿ, ಅದರ ಪ್ರಿಂಟನ್ನು ಪೆಟ್ಟಿಗೆಗೆ ಅಂಟಿಸಿದ ಮೇಲೆಯೇ ಪೆಟ್ಟಿಗೆ ಕಟ್ಟಬೇಕು ಎಂದು ಗೊತ್ತು ಮಾಡಿದಳು. ಪ್ರಿಂಟ್ ಇಲ್ಲದ ಪೆಟ್ಟಿಗೆಯನ್ನು ಹುಡುಗನಿಗೆ ಕೊಡುವ ಹಾಗಿಲ್ಲ. ಮೂರು ವಾರದಲ್ಲಿ ಸ್ಟಾಕು ಹೊಂದತೊಡಗಿತು. ಪ್ರಾಜೆಕ್ಟ್ ರಿಪೋರ್ಟ್ ಕೊಡಲು ಬಂದ ದಿನ ಹೇಳಿದಳು: ಸಾರ್, ಮುಂದಿನ ತಿಂಗಳು ಉದ್ರಿ ಪುಸ್ತಕವನ್ನೂ ಒಂದ್ಸಲ ನೋಡಿಕೊಡ್ತೀಯಾ ಅಂತ ಅಂಗಡಿಯವರು ಕೇಳಿದ್ದಾರೆ.